ಕಣ್ಣೊಳಗಿನ ನಾಳದ ಅಳತೆಯನ್ನು ಎಷ್ಟು ನಂಬಬೇಕು?

(ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಕಾವಲಿ ಉಜ್ಜಿ, ಕೊನೆಯ ಲೋಕಲ್ ಗಾಡಿ ತಪ್ಪೀತೆಂಬ ಹೆದರಿಕೆಯಲ್ಲೇ ನೀವು ಇಲ್ಲಿಗೆ ಬಂದಿದ್ದೀರಿ. ಆದುದರಿಂದ ಉದ್ದನೆಯ ಪೀಠಿಕೆ ಹಾಕುವುದಿಲ್ಲ.

ನಾವು ಡಾಕ್ಟರರಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಊರಿಂದ ಮುಂಬಯಿಗೆ ಬಂದು, ಮೇಜು ಒರಸಿ, ಲೋಟ ತೊಳೆದು, ಸಪ್ಲಾಯರರಾಗಿ, ಆಮೇಲೆ ಸಂಘದ ಕೆಲಸಕ್ಕೆ ಇಳಿದವರು. ಕಣ್ಣಿನ ವಿಚಾರ ಮಾತಾಡಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಅಧಿಕಾರವೇನೂ ಇಲ್ಲ. ಆದರೆ ಈ ವಿಷಯದಲ್ಲಿ ನಾವೊಂದು ತಪ್ಪು ಮಾಡಿದ್ದೇವೆ. ಆ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ಎರಡು ಚೀಟಿಗಳ ಕಥೆ ಹೇಳುತ್ತೇವೆ.

ಮೊದಲನೆಯದು ಒಬ್ಬ ದೋಸೆ ಭಟ್ಟರದು. ಕುಂದಾಪುರದ ಕಡೆಯವರು, ಇಪ್ಪತ್ತೆರಡು ವರ್ಷ ಕಾವಲಿಯ ಮುಂದೆ ನಿಂತವರು. ಉಪನಗರವೊಂದರಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಹೋದರು. ಕಣ್ಣಿನ ಒಳಗಿನ ಚಿತ್ರ ತೆಗೆದ ಯಂತ್ರ ಒಂದು ಚೀಟಿ ಕೊಟ್ಟಿತು. ಅದರಲ್ಲಿ 0.58 ಎಂಬ ಅಂಕಿ, ಅದರ ಕೆಳಗೆ 'ರಕ್ತನಾಳ ಕಿರಿದಾಗಿದೆ' ಎಂಬ ಮಾತು. ಚೀಟಿ ಹೇಗೋ ಮಾಲಕರ ಕೈಗೆ ಹೋಯಿತು. "ನಿನ್ನ ನರ ಕೆಟ್ಟಿದೆಯಂತಲ್ಲ ಮಾರಾಯ, ನಾಳೆ ಕಾವಲಿಯ ಮುಂದೆ ಬಿದ್ದರೆ ನಾನು ಯಾರಿಗೆ ಉತ್ತರ ಹೇಳಲಿ? ಊರಿಗೆ ಹೋಗಿ ಆರಾಮ ಮಾಡು" ಎಂದರು. ಇಪ್ಪತ್ತೆರಡು ವರ್ಷದ ದುಡಿಮೆಗೆ ಒಂದು ಅಂಕಿ ಮುಳುವಾಗಿ ಬಂತು.

ಎರಡನೆಯದು ಒಬ್ಬ ಸಪ್ಲಾಯರ್ ಅಣ್ಣನದು. ಸಕ್ಕರೆ ಕಾಯಿಲೆ ಇತ್ತು. ಇನ್ನೊಂದು ಶಿಬಿರದಲ್ಲಿ ಅವರ ಕಣ್ಣಿನ ಚಿತ್ರ ತೆಗೆದು 'ದೋಷ ಕಾಣುವುದಿಲ್ಲ' ಎಂದು ಬರೆದು ಕೊಟ್ಟರು. ಅವರು ಚೀಟಿಯನ್ನು ಸಂಘದ ಕಚೇರಿಗೆ ತಂದು ತೋರಿಸಿದರು. "ಬಿಡಿ ಅಣ್ಣಾ, ಯಂತ್ರವೇ ಹೇಳಿದೆ, ಇನ್ನೇನು ಚಿಂತೆ?" ಎಂದವರು ನಾವೇ. ಮೂರು ವರ್ಷ ಅವರು ಮತ್ತೆ ಕಣ್ಣು ತೋರಿಸಲಿಲ್ಲ, ನಾವು ಕೇಳಲೂ ಇಲ್ಲ. ಮೂರು ವರ್ಷ ಕಳೆದು ಒಂದು ಬೆಳಿಗ್ಗೆ ಬಲಗಣ್ಣಿನ ಮುಂದೆ ಕಪ್ಪು ಪರದೆ ಬಿದ್ದಂತಾಯಿತು. ಒಳಗೆ ರಕ್ತ ಸೋರಿತ್ತು. ಚಿಕಿತ್ಸೆಯಾಯಿತು, ಆದರೆ ಆ ಕಣ್ಣಿಗೆ ಈಗ ಬಿಲ್ಲಿನ ಅಕ್ಷರ ಕಾಣುವುದಿಲ್ಲ.

ಒಂದು ಚೀಟಿಯನ್ನು ನಂಬಿ ಮಾಲಕರು ತಪ್ಪು ಮಾಡಹೊರಟರು. ಇನ್ನೊಂದನ್ನು ನಂಬಿ ನಾವು ತಪ್ಪು ಮಾಡಿದೆವು. ಆಮೇಲೆ ತಿಳಿದವರ ಹತ್ತಿರ ಹೋಗಿ, ಕೂತು, ಕೇಳಿ, ಈ ಅಳತೆ ಅಂದರೇನು, ಅದನ್ನು ಎಷ್ಟು ನಂಬಬೇಕು ಎಂಬುದನ್ನು ಕಲಿತೆವು. ಕಲಿತದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇವೆ.

ಕಣ್ಣಿನ ಹಿಂಬದಿಯ ಒಳಗೋಡೆಗೆ ಒಂದು ತೆಳು ಪೊರೆ ಅಂಟಿಕೊಂಡಿದೆ. ಅದಕ್ಕೆ ರೆಟಿನಾ ಎನ್ನುತ್ತಾರೆ. ಬೆಳಕು ಬೀಳುವುದು ಅದರ ಮೇಲೆ. ಅದರ ಮೇಲೆ ಹರಡಿದ ರಕ್ತನಾಳಗಳನ್ನು ಮೈ ಕೊಯ್ಯದೆ, ಚುಚ್ಚದೆ ಹೊರಗಿನಿಂದಲೇ ನೇರವಾಗಿ ನೋಡಬಹುದು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಅದಕ್ಕೊಂದು ಉಪಕರಣವನ್ನು ಲೋಕಕ್ಕೆ ತಿಳಿಸಿದನು. ಅಂದಿನಿಂದ ಡಾಕ್ಟರರು ಕಣ್ಣಿನ ಕಿಟಕಿಯಿಂದ ಮೈಯೊಳಗಿನ ರಕ್ತನಾಳದ ಸ್ಥಿತಿಯನ್ನು ನೋಡುತ್ತ ಬಂದಿದ್ದಾರೆ. ರಕ್ತದೊತ್ತಡ ಬಹುಕಾಲ ಹೆಚ್ಚಿದ್ದರೆ ಅಲ್ಲಿಯ ಶುದ್ಧ ರಕ್ತದ ನಾಳಗಳು ಕಿರಿದಾಗುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ಅತಿ ಸಣ್ಣ ನಾಳಗಳು ಉಬ್ಬಿ, ಸೋರಿ, ಕೆಂಪು ಚುಕ್ಕೆ, ಹಳದಿ ಕಲೆ ಬೀಳುತ್ತವೆ. ಇವೆಲ್ಲ ನಿಜ. ಕಣ್ಣಿನ ಚಿತ್ರ ತೆಗೆಸುವುದು ದಂಡವೆಂದು ನಾವು ಹೇಳುತ್ತಿಲ್ಲ; ಇದನ್ನು ಮೊದಲೇ ಸ್ಪಷ್ಟ ಮಾಡುತ್ತೇವೆ.

ಈಗ ಆ 0.58 ಎಂಬ ಅಂಕಿಗೆ ಬರೋಣ.

ಕಣ್ಣಿನ ನರ ಒಳಬರುವ ಜಾಗ ಚಿತ್ರದಲ್ಲಿ ಹಳದಿ ಬಿಲ್ಲೆಯ ಹಾಗೆ ಕಾಣುತ್ತದೆ. ಬಿಲ್ಲೆಯ ಅಂಚಿನಿಂದ ಅರ್ಧ ಬಿಲ್ಲೆ ದೂರಕ್ಕೂ ಒಂದು ಬಿಲ್ಲೆ ದೂರಕ್ಕೂ ನಡುವಿನ ಬಳೆಯಂಥ ಜಾಗದಲ್ಲಿ ನಾಳಗಳ ಅಗಲವನ್ನು ಅಳೆಯುತ್ತಾರೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2003ರಲ್ಲಿ ತಿದ್ದಿಕೊಟ್ಟ ಸೂತ್ರದ ಪ್ರಕಾರ ದೊಡ್ಡ ಆರು ಶುದ್ಧ ರಕ್ತದ ನಾಳ, ದೊಡ್ಡ ಆರು ಅಶುದ್ಧ ರಕ್ತದ ನಾಳ ಆರಿಸಿ ಲೆಕ್ಕ ಹಾಕುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಆ ಅಂಕಿ. ಶುದ್ಧ ನಾಳವು ಅಶುದ್ಧ ನಾಳದ ಮೂರರಲ್ಲಿ ಎರಡು ಪಾಲು ಇರುವುದು ವಾಡಿಕೆ ಎಂದು ವೈದ್ಯರು ಮೊದಲಿನಿಂದಲೂ ಹೇಳುತ್ತಾರೆ. ಅಂದರೆ ಸುಮಾರು 0.67.

ಕೇಳಲು ಚೊಕ್ಕವಾಗಿದೆ. ಆದರೆ ಅಳೆಯುವ ವಸ್ತು ಎಷ್ಟು ಸಣ್ಣದು ನೋಡಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಅಶುದ್ಧ ನಾಳ 180 ಮೈಕ್ರಾನ್ ಇದೆಯೆಂದು ಇಟ್ಟುಕೊಳ್ಳಿ. ಶುದ್ಧ ನಾಳ 119 ಇದ್ದರೆ ಅಂಕಿ 0.66, 104 ಇದ್ದರೆ 0.58. ಎರಡಕ್ಕೂ ಇರುವ ವ್ಯತ್ಯಾಸ ಬರೀ 15 ಮೈಕ್ರಾನ್. ಸಾಧಾರಣ ಕ್ಯಾಮರಾದ 45 ಡಿಗ್ರಿಯ ಚಿತ್ರದಲ್ಲಿ ಕಣ್ಣಿನ ಹಿಂಬದಿಯ ಸುಮಾರು 13 ಮಿಲಿಮೀಟರು ಅಗಲ ಬರುತ್ತದೆ. ಆ ಅಗಲಕ್ಕೆ ಎರಡು ಸಾವಿರ ಚುಕ್ಕೆಗಳಿದ್ದರೆ ಒಂದೊಂದು ಚುಕ್ಕೆಗೆ ಆರೂವರೆ ಮೈಕ್ರಾನ್ ಬಂತು. ಹಾಗಾದರೆ ನಮ್ಮ ಭಟ್ಟರ ಕೆಲಸ ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಇದ್ದುದು ಚಿತ್ರದ ಎರಡು-ಮೂರು ಚುಕ್ಕೆ!

ಈ ಎರಡು-ಮೂರು ಚುಕ್ಕೆ ಹೆಚ್ಚುಕಡಿಮೆಯಾಗಲು ಕಾರಣಗಳು ಎಷ್ಟು ಬೇಕಾದರೂ ಇವೆ. ಚಿತ್ರ ಒಂದಿಷ್ಟು ಮಸುಕಾದರೆ ನಾಳದ ಅಂಚು ಹರಡಿ ಅಗಲವಾಗಿ ಕಾಣುತ್ತದೆ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದರೆ ಮಂಜು ಕವಿದ ಹಾಗೆ. ನಾಡಿ ಬಡಿದಂತೆಲ್ಲ ನಾಳ ಹಿಗ್ಗಿ ಕುಗ್ಗುತ್ತದೆ. ಕ್ಯಾಮರಾ ಮಿಂಚಿದ್ದು ಹಿಗ್ಗಿದಾಗಲೋ ಕುಗ್ಗಿದಾಗಲೋ ಯಾರು ಬಲ್ಲರು? ಕ್ಯಾಮರಾಕ್ಕೆ ಕಾಣುವುದು ನಾಳದೊಳಗೆ ಹರಿಯುವ ರಕ್ತದ ಪಟ್ಟಿ. ನಾಳದ ಗೋಡೆ ಬಹುಮಟ್ಟಿಗೆ ಪಾರದರ್ಶಕ, ಚಿತ್ರಕ್ಕೆ ಸಿಗುವುದಿಲ್ಲ. ಇನ್ನು ಮೈನಸ್ ನಂಬರಿನ ದಪ್ಪ ಕನ್ನಡಕದವರು. ಅವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದ. ಆ ಉದ್ದವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸರಿಯಾದ ನಾಳವೂ ಚಿತ್ರದಲ್ಲಿ ತೆಳ್ಳಗೆ ಕಾಣುತ್ತದೆ.

'ಅದಕ್ಕೇ ಅಲ್ಲವೇ ಭಾಗಾಕಾರ ಮಾಡುವುದು?' ಎಂದು ಬುದ್ಧಿವಂತರು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಅಡಿಗೆಮನೆಯಲ್ಲಿ ಇಡ್ಲಿಗೆ ಅಕ್ಕಿ-ಉದ್ದು ಅಳೆಯುತ್ತೇವೆ. ಅಳತೆಯ ಡಬ್ಬಿ ಚಿಕ್ಕದಾದರೂ ಚಿಂತೆಯಿಲ್ಲ. ಎರಡನ್ನೂ ಅದೇ ಡಬ್ಬಿಯಲ್ಲಿ ಅಳೆದರೆ ಪ್ರಮಾಣ ಕೆಡುವುದಿಲ್ಲ. ಹಾಗೆಯೇ ಉದ್ದ ಕಣ್ಣಿನ ಚಿತ್ರದಲ್ಲಿ ಎರಡು ಬಗೆಯ ನಾಳಗಳೂ ಒಂದೇ ಪ್ರಮಾಣದಲ್ಲಿ ಸಣ್ಣಗಾಗುತ್ತವೆ, ಭಾಗಿಸಿದರೆ ದೋಷ ಹೋಗುತ್ತದೆ. ಇದು ಆ ಅಂಕಿಯ ಗುಣ. ಆದರೆ ಪ್ರಮಾಣ ಕೆಟ್ಟಾಗ ಅಕ್ಕಿ ಹೆಚ್ಚಾಯಿತೋ ಉದ್ದು ಕಡಿಮೆಯಾಯಿತೋ ಎಂದು ಪ್ರಮಾಣವೊಂದೇ ಹೇಳಲಾರದು. ಶುದ್ಧ ನಾಳ ಕಿರಿದಾದರೂ ಅಂಕಿ ಇಳಿಯುತ್ತದೆ, ಅಶುದ್ಧ ನಾಳ ಅಗಲವಾದರೂ ಇಳಿಯುತ್ತದೆ. ಎರಡೂ ಒಟ್ಟಿಗೆ ಕಿರಿದಾದರೆ ಅಂಕಿ ಕದಲುವುದೇ ಇಲ್ಲ. ಇದು ಅದರ ಕೊರತೆ.

ಭಟ್ಟರನ್ನು ನಾವು ಒಂದು ಮುನಿಸಿಪಲ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಚೀಟಿ ನೋಡಿ ನಕ್ಕರು. ಐದು ನಿಮಿಷದೊಳಗೆ ಮೂರು ಚಿತ್ರ ತೆಗೆಸಿ ಅಳೆಸಿದರು. ಬಂದ ಅಂಕಿಗಳು 0.66, 0.63, 0.67. ಮನುಷ್ಯ ಒಬ್ಬನೇ, ಕಣ್ಣು ಒಂದೇ, ಯಂತ್ರ ಒಂದೇ. ಆಮೇಲೆ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು, ಸ್ವಲ್ಪ ಹೆಚ್ಚಿತ್ತು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲಿಸಿ ತಾವೇ ನೋಡಿದರು. ಗಾಬರಿಪಡುವಂಥದು ಏನೂ ಇರಲಿಲ್ಲ. ಒಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಲು ಹೇಳಿದರು. ಭಟ್ಟರು ಇಂದಿಗೂ ಅದೇ ಕಾವಲಿಯ ಮುಂದಿದ್ದಾರೆ. ಇಂದಿನ ಸಭೆಗೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಡಾಕ್ಟರಮ್ಮ ಕಲಿಸಿದ ಪಾಠವನ್ನು ಹಾಲಿನ ಲ್ಯಾಕ್ಟೋಮೀಟರಿನ ಮೇಲಿಟ್ಟು ಹೇಳುತ್ತೇವೆ, ಎಲ್ಲರಿಗೂ ತಿಳಿದೀತು. ಒಂದೇ ಹಾಲಿಗೆ ಒಬ್ಬನೇ ಎರಡು ಸಲ ಬುರುಡೆ ಇಳಿಬಿಟ್ಟರೆ ಒಂದೇ ಅಂಕಿ ಬರಬೇಕು. ಇದು ಮೊದಲ ಪರೀಕ್ಷೆ. ಬೇರೆಯವನು ನೋಡಿದರೂ ಅದೇ ಬರಬೇಕು, ಎರಡನೆಯದು. ಬೇರೆ ಬುರುಡೆಯಲ್ಲೂ ಅದೇ ಬರಬೇಕು, ಮೂರನೆಯದು. ಮೂರರಲ್ಲಿಯೂ ಗೆದ್ದರೂ ಹಾಲು ಒಳ್ಳೆಯದೆಂದು ಹೇಳಲಾಗದು. ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಮಾಡಿದ ಕಳ್ಳನ ಹಾಲಿಗೆ ಸರಿಯಾದ ಅಂಕಿಯೇ ಬರುತ್ತದೆ! ಅಂಕಿ ಮತ್ತೆ ಮತ್ತೆ ಒಂದೇ ಬರುವುದು ಬೇರೆ, ಅಂಕಿ ಸತ್ಯವಾಗಿರುವುದು ಬೇರೆ. ಕಣ್ಣಿನ ನಾಳದ ಅಳತೆಗೂ ಈ ನಾಲ್ಕು ಪ್ರಶ್ನೆ ಕೇಳಬೇಕು. ಈಗ ಓ.ಸಿ.ಟಿ. ಆಂಜಿಯೋಗ್ರಾಫಿ ಎಂಬ ಹೊಸ ಯಂತ್ರಗಳು ಬಂದಿವೆ. ಅತಿ ಸಣ್ಣ ನಾಳದ ಬಲೆಯನ್ನೂ ತೋರಿಸುತ್ತವೆ. ಆದರೂ ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕಕ್ಕಿಟ್ಟು 'ರೋಗ ಹೆಚ್ಚಿತು, ಕಡಿಮೆಯಾಯಿತು' ಎನ್ನಬಾರದು.

ಹಾಗಾದರೆ ಈ ಅಳತೆ ಯಾತಕ್ಕೂ ಬಾರದ್ದೋ? ಹಾಗಲ್ಲ. ಅಮೆರಿಕೆಯಲ್ಲಿ 'ಎರಿಕ್' ಎಂಬ ದೊಡ್ಡ ಅಧ್ಯಯನದಲ್ಲಿ 1993ರಿಂದ 1995ರ ತನಕ ಹತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣಿನ ಚಿತ್ರ ತೆಗೆದರು. ರಕ್ತದೊತ್ತಡ ಹೆಚ್ಚಿದ್ದವರ ನಾಳಗಳು ಒಟ್ಟಿನಲ್ಲಿ ಕಿರಿದಾಗಿವೆ ಎಂಬುದು ಅಲ್ಲಿ ಕಂಡಿತು. ಸಾವಿರಾರು ಜನರ ಲೆಕ್ಕದಲ್ಲಿ ಒಬ್ಬನಿಗೆ ಎರಡು ಚುಕ್ಕೆ ಹೆಚ್ಚು, ಇನ್ನೊಬ್ಬನಿಗೆ ಎರಡು ಚುಕ್ಕೆ ಕಡಿಮೆ. ಎಲ್ಲ ಕೂಡಿ ಸರಿಹೋಗುತ್ತದೆ, ಸತ್ಯ ಮೇಲೆ ಬರುತ್ತದೆ. ಆದರೆ ಆ ಸಾವಿರ ಜನರ ಸತ್ಯವನ್ನು ಒಬ್ಬ ಭಟ್ಟರ ಒಂದೇ ಚೀಟಿಗೆ ಅಂಟಿಸಿ ಅವರ ಪಗಾರ ನಿಲ್ಲಿಸುವುದು ನ್ಯಾಯವಲ್ಲ. ಒಬ್ಬನಿಗೆ ರಕ್ತದೊತ್ತಡ ಇದೆಯೇ ಎಂದು ತಿಳಿಯಬೇಕಾದರೆ ತೋಳಿನ ಪಟ್ಟಿ ಇದೆ. ಅದನ್ನೂ ಒಂದಕ್ಕಿಂತ ಹೆಚ್ಚು ಸಲ ನೋಡತಕ್ಕದ್ದು.

ಇನ್ನು ಎರಡನೆಯ ಚೀಟಿ, ಸಕ್ಕರೆ ಕಾಯಿಲೆಯ ಅಣ್ಣನದು. ಅಲ್ಲಿ ನಾಳದ ಅಗಲದ ಪ್ರಶ್ನೆಯಿರಲಿಲ್ಲ. ನಾಳ ಸೋರಿದ ಗುರುತು ಉಂಟೋ ಇಲ್ಲವೋ ಎಂಬುದೇ ಪ್ರಶ್ನೆ. ಈ ಕೆಲಸವನ್ನು ಈಗ ಕಂಪ್ಯೂಟರಿಗೆ ಕಲಿಸಿದ್ದಾರೆ. ಇದರ ಪರೀಕ್ಷೆ ನಮ್ಮ ಮುಂಬಯಿಯಲ್ಲೇ ಆಗಿದೆ. 2018ರಲ್ಲಿ ಇಲ್ಲಿಯ ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ಚಿತ್ರವನ್ನು ಮೊಬೈಲ್ ಫೋನಿಗೆ ಜೋಡಿಸಿದ ಕ್ಯಾಮರಾದಿಂದ ತೆಗೆದರು. ಆ ಕ್ಯಾಮರಾ ಬೆಂಗಳೂರಿನ ರೆಮಿಡಿಯೋ ಕಂಪನಿಯದು. ಇಂಟರ್‌ನೆಟ್ ಇಲ್ಲದೆಯೇ ಫೋನು ತೀರ್ಪು ಹೇಳುತ್ತಿತ್ತು. ಅದೇ ಚಿತ್ರಗಳನ್ನು ಕಣ್ಣಿನ ತಜ್ಞರೂ ನೋಡಿದರು. 2019ರಲ್ಲಿ ಫಲಿತಾಂಶ ಅಮೆರಿಕೆಯ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಬಂದವರು 231 ಮಂದಿ, ಅಂತಿಮ ಲೆಕ್ಕಕ್ಕೆ ಸೇರಿದವರು 213. ಕೂಡಲೇ ದೊಡ್ಡ ಡಾಕ್ಟರರಿಗೆ ತೋರಿಸಬೇಕಾದಷ್ಟು ಬೇನೆಯಿದ್ದವರನ್ನು ಫೋನು ನೂರಕ್ಕೆ ನೂರು ಹಿಡಿಯಿತು. ನೂರಕ್ಕೆ ನೂರು! ಪತ್ರಿಕೆಯ ತಲೆಬರಹಕ್ಕೆ ಇದಕ್ಕಿಂತ ಬೇರೆ ಬೇಕೆ? ಆದರೆ ಅಂಥವರು ಇದ್ದುದು 15 ಜನ. ಹದಿನೈದರಲ್ಲಿ ಹದಿನೈದು. ಇಷ್ಟು ಸಣ್ಣ ಲೆಕ್ಕದಿಂದ ಖಾತ್ರಿಯಾಗಿ ಹೇಳಬಹುದಾದದ್ದು ನೂರಕ್ಕೆ 78ರಿಂದ 100ರ ಒಳಗೆ ಎಲ್ಲೋ ಎಂದು ಮಾತ್ರ. ಅದನ್ನು ಬರೆದವರೇ ಪ್ರಾಮಾಣಿಕವಾಗಿ ಅಚ್ಚು ಹಾಕಿದ್ದಾರೆ. ಹೊಸ ಭಟ್ಟನೊಬ್ಬ ಮೊದಲ ದಿನ ಹದಿನೈದು ದೋಸೆ ಹರಿಯದೆ ಎತ್ತಿದರೆ, ಇವನ ಕೈಯಲ್ಲಿ ದೋಸೆ ಹರಿಯುವುದೇ ಇಲ್ಲ ಎಂದು ಬರೆದು ಕೊಡುತ್ತೇವೆಯೇ?

ಬೇನೆ ಈಗಷ್ಟೇ ಶುರುವಾದವರನ್ನೂ ಸೇರಿಸಿದರೆ ಒಟ್ಟು 27 ಜನ. ಅವರಲ್ಲಿ ಫೋನು ಹಿಡಿದದ್ದು 23 ಮಂದಿಯನ್ನು, ನಾಲ್ವರು ತಪ್ಪಿಹೋದರು. ತೋರಿಸಬೇಕಾದಷ್ಟು ಬೇನೆಯಿಲ್ಲದ 198 ಜನರಲ್ಲಿ 23 ಮಂದಿಗೆ 'ತೋರಿಸಿ' ಎಂದಿತು. ನಮ್ಮ ಅಭಿಪ್ರಾಯದಲ್ಲಿ ಇದು ಒಳ್ಳೆಯ ಕೆಲಸವೇ. ಯಾರೂ ನೋಡದೆ ಇರುವುದಕ್ಕಿಂತ ಸಾವಿರ ಪಾಲು ಮೇಲು. ಮುನಿಸಿಪಲ್ ದವಾಖಾನೆಯ ಬಾಗಿಲಿಗೆ ಇಂಥ ಪರೀಕ್ಷೆ ಬಂದರೆ ನಮ್ಮಂಥ ಬಡವರಿಗೆ ದೊಡ್ಡ ಉಪಕಾರ. ಆದರೆ ತಪ್ಪಿಹೋದ ಆ ನಾಲ್ವರ ಜಾಗದಲ್ಲಿ ನಮ್ಮ ಸಪ್ಲಾಯರ್ ಅಣ್ಣನನ್ನು ನಿಲ್ಲಿಸಿ ನೋಡಿ. 'ದೋಷ ಕಾಣುವುದಿಲ್ಲ' ಎಂದರೆ ಈ ದಿನ, ಈ ಚಿತ್ರದಲ್ಲಿ, ಕ್ಯಾಮರಾ ಹಿಡಿದಷ್ಟು ಜಾಗದಲ್ಲಿ ಕಾಣಲಿಲ್ಲ ಎಂದರ್ಥ. ಅಂಚಿನಲ್ಲಿ ಏನಿತ್ತೋ, ಮುಂದಿನ ವರ್ಷ ಏನಾಗುವುದೋ, ಆ ಚೀಟಿಗೆ ತಿಳಿಯದು. ನಾವು ಆ ಮಾತನ್ನು 'ಎಂದೆಂದಿಗೂ ಸರಿ' ಎಂದು ಓದಿಕೊಂಡೆವು. ಕಣ್ಣು ಹೋದದ್ದು ಅವರದು. ಓದಿದ ತಪ್ಪು ನಮ್ಮದು.

ಚಿತ್ರ ತೆಗೆಯುವ ಜಾಗವೂ ಮುಖ್ಯ. ಥಾಯ್ಲೆಂಡಿನ ದವಾಖಾನೆಗಳಲ್ಲಿ ಗೂಗಲ್ ಕಂಪನಿಯವರು ಇಂಥದೇ ಯಂತ್ರ ಇಟ್ಟಾಗ 1838 ಚಿತ್ರಗಳಲ್ಲಿ ನೂರಕ್ಕೆ 21ನ್ನು ಯಂತ್ರ ಓದಲಾರೆನೆಂದು ತಿರಸ್ಕರಿಸಿತು. ಇದು 2020ರಲ್ಲಿ ಪ್ರಕಟವಾದ ಸಂಗತಿ. ಒಂದು ಕಾರಣ, ಎಷ್ಟೋ ಕಡೆ ಕೋಣೆ ಕತ್ತಲಾಗಿರಲಿಲ್ಲ. ಬೆಳಕಿದ್ದರೆ ಪಾಪೆ ಕುಗ್ಗುತ್ತದೆ, ಒಳಗಿನ ಚಿತ್ರ ಕಪ್ಪಾಗುತ್ತದೆ. ಓದಲಾಗದೆಂದು ಯಂತ್ರ ಒಪ್ಪಿಕೊಂಡರೆ ಅದು ಪ್ರಾಮಾಣಿಕತೆ. ಮಸುಕು ಚಿತ್ರಕ್ಕೂ 'ಸರಿ' ಎಂದು ಸಹಿ ಬಿದ್ದರೆ ಅದು ಅಪಾಯ. ನಮ್ಮ ಶಿಬಿರಗಳು ನಡೆಯುವುದು ಎಲ್ಲಿ? ಮದುವೆ ಹಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಹಿಂದೆ ನೂರು ಜನರ ಸಾಲು. ಆ ಅಣ್ಣನ ಚಿತ್ರವನ್ನು ಆಮೇಲೆ ಹುಡುಕಿ ತೆಗೆಸಿ ನೋಡಿದಾಗ ಅರ್ಧ ಭಾಗ ಕಪ್ಪಾಗಿಯೇ ಇತ್ತು.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಆಸ್ಪತ್ರೆಯಿಂದ ದೂರ ಇಡಲಿಕ್ಕಲ್ಲ. ಸಕ್ಕರೆ ಕಾಯಿಲೆಯ ಕಣ್ಣುಬೇನೆ ಶುರುವಿನಲ್ಲಿ ನೋಯುವುದಿಲ್ಲ, ಮಸುಕಾಗುವುದೂ ಇಲ್ಲ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಬೇಗ ಕಂಡುಹಿಡಿದರೆ ಲೇಸರ್ ಇದೆ, ಇಂಜೆಕ್ಷನ್ ಇದೆ. ಅನೇಕರ ದೃಷ್ಟಿ ಉಳಿಯುತ್ತದೆ. ಅದಕ್ಕಾಗಿ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ.

ಸಕ್ಕರೆ ಕಾಯಿಲೆಯಿದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ತೋರಿಸಿರಿ; ಡಾಕ್ಟರರು ಬೇಗ ಬರಲು ಹೇಳಿದರೆ ಬೇಗ ಹೋಗಿರಿ. ಚೀಟಿಯನ್ನಷ್ಟೇ ಅಲ್ಲ, ಚಿತ್ರದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿರಿ. ಮುಂದಿನ ವರ್ಷದ ಚಿತ್ರವನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು. ಸಾಧ್ಯವಿದ್ದಷ್ಟು ಅದೇ ಆಸ್ಪತ್ರೆಗೆ, ಅದೇ ಯಂತ್ರಕ್ಕೆ ಹೋಗಿರಿ. 'ಚಿತ್ರ ಸ್ಪಷ್ಟವಾಗಿ ಬಂದಿದೆಯೇ?' ಎಂದು ಒಂದು ಮಾತು ಕೇಳಿರಿ. ಕೇಳಿದರೆ ಯಾರೂ ಬೈಯುವುದಿಲ್ಲ. ಹೆದರಿಸುವ ಅಂಕಿ ಬಂದರೆ ಇನ್ನೊಮ್ಮೆ ಅಳೆಸಿರಿ. ಧೈರ್ಯ ಕೊಡುವ ಅಂಕಿ ಬಂದರೂ ಮುಂದಿನ ತಾರೀಕನ್ನು ಬರೆದಿಡಿರಿ. ನಡುವೆ ಕಣ್ಣಿನ ಮುಂದೆ ಕಪ್ಪು ಎಳೆ, ಪರದೆ, ಮಸುಕು ಕಂಡರೆ ತಾರೀಕಿಗೆ ಕಾಯಬೇಡಿರಿ. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಆ ಹೊತ್ತಿನಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಲ್ಲಬೇಡಿರಿ, ಸ್ಕೂಟರು ಹತ್ತಬೇಡಿರಿ.

ಈ ಕೊನೆಯ ಮಾತಿನಿಂದ ಸಂಘದ ಕೆಲಸ ಶುರುವಾಗುತ್ತದೆ. ಅರ್ಧ ದಿನ ಕೆಲಸ ಬಿಟ್ಟರೆ ಪಗಾರ ಕತ್ತರಿಸುವರೆಂಬ ಹೆದರಿಕೆಯಿಂದಲೇ ನಮ್ಮವರು ಹನಿ ಹಾಕಿಸಿಕೊಳ್ಳದೆ ಬರೀ ಚಿತ್ರ ತೆಗೆಸಿ ಓಡಿಬರುತ್ತಾರೆ. 2017ರ ಮಹಾರಾಷ್ಟ್ರದ ಅಂಗಡಿ-ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ಕೆಲಸಗಾರರಿಗೆ ವರ್ಷಕ್ಕೆ 8 ದಿನ ಸಂಬಳಸಹಿತ ಸಾಂದರ್ಭಿಕ ರಜೆ ಕೊಟ್ಟಿದೆ. ಅದನ್ನು ಕೇಳಿ ಪಡೆಯಿರಿ. ಮಾಲಕರು ಕೊಡದಿದ್ದರೆ ಸಂಘಕ್ಕೆ ತಿಳಿಸಿರಿ. ಅದಲ್ಲದೆ ಈ ಸಭೆಯ ಮುಂದೆ ಎರಡು ಸೂಚನೆ ಇಡುತ್ತೇವೆ. ಒಂದು, ನಮ್ಮ ಸಂಘ ಸೇರಿ ನಡೆಸುವ ಪ್ರತಿ ಕಣ್ಣಿನ ಶಿಬಿರದಲ್ಲಿ ಕತ್ತಲು ಕೋಣೆ ಇರತಕ್ಕದ್ದು, ಸ್ಪಷ್ಟವಿಲ್ಲದ ಚಿತ್ರದವರ ಹೆಸರನ್ನು ಬೇರೆ ಬರೆದು ಅವರನ್ನು ಆಸ್ಪತ್ರೆಗೆ ಮುಟ್ಟಿಸತಕ್ಕದ್ದು. ಎರಡು, ಕೆಲಸಗಾರನ ಚೀಟಿ ಕೆಲಸಗಾರನ ಕೈಗೆ ಮಾತ್ರ ಹೋಗತಕ್ಕದ್ದು. ಮಾಲಕರ ಗಲ್ಲಾದ ಮೇಲೆ ಅದು ಕಾಣಬಾರದು.

ಸಪ್ಲಾಯರ್ ಅಣ್ಣ ಈಗ ಅದೇ ಹೋಟೆಲಿನಲ್ಲಿ ಗಿರಾಕಿಗಳಿಗೆ ಪಾರ್ಸಲು ಕಟ್ಟಿಕೊಡುವ ಕೆಲಸದಲ್ಲಿದ್ದಾರೆ. ಎಡಗಣ್ಣು ಇದೆ. ವರ್ಷಕ್ಕೆರಡು ಸಲ ನಾವೇ ಅವರ ಜೊತೆ ಆಸ್ಪತ್ರೆಗೆ ಹೋಗುತ್ತೇವೆ. ಕಳೆದ ಸಲ ಡಾಕ್ಟರರು "ಈ ಕಣ್ಣು ಸರಿಯಾಗಿದೆ" ಎಂದಾಗ ಅಣ್ಣ ನಮ್ಮ ಕಡೆ ತಿರುಗಿ, "ಮುಂದಿನ ತಾರೀಕು ಬರೆದುಕೊಂಡಿರಾ ಮಾರಾಯ್ರೇ?" ಎಂದು ಕೇಳಿದರು. ಬರೆದುಕೊಂಡೆವು. ಸಕ್ಕರೆ ಕಾಯಿಲೆಯಿದ್ದ ನಮ್ಮ ಸದಸ್ಯರೆಲ್ಲರ ತಾರೀಕುಗಳನ್ನೂ ಬರೆಯಲು ಸಂಘದ ಕಚೇರಿಯಲ್ಲಿ ಈ ವಾರದಿಂದ ಒಂದು ಪುಸ್ತಕ ಇಟ್ಟಿದ್ದೇವೆ. ಗಾಡಿಯ ಹೊತ್ತಾಯಿತು, ಹೋಗುವಾಗ ಬಾಗಿಲ ಬಳಿ ಹೆಸರು ಬರೆಸಿ ಹೋಗಿರಿ.